ಮೂಲಗಳನ್ನು ಕಾಣದೆಯೇ ಮಾಡುವ ಲೆಕ್ಕ

ಅಜ್ಞಾತ ರಾಶಿಯೊಂದರ ವರ್ಗದಿಂದ ಅದರ ಮೂರರಷ್ಟನ್ನು ಕಳೆದು 1ನ್ನು ಕೂಡಿಸಿದರೆ ಸೊನ್ನೆ ಬರುವುದೆಂಬ ಸಮೀಕರಣವನ್ನು ತೆಗೆದುಕೊಳ್ಳಿರಿ. ಇದರ ಮೂಲಗಳೆರಡರಲ್ಲಿಯೂ 5ರ ವರ್ಗಮೂಲವು ತೊಡರಿಕೊಂಡಿರುವುದರಿಂದ ಅವು ಅಭಾಗಲಬ್ಧ ಸಂಖ್ಯೆಗಳು. ಆದರೂ ಅವುಗಳ ಮೊತ್ತ 3, ಗುಣಲಬ್ಧ 1 ಎಂಬುದು ಸಮೀಕರಣದ ಸಹಗುಣಕಗಳಲ್ಲಿಯೇ ಅಡಗಿದೆ. ಇವೆರಡರ ಬಲದಿಂದಲೇ, ಮೂಲಗಳ ಮುಖವನ್ನೂ ನೋಡದೆ, ಅವುಗಳ ವರ್ಗಗಳ ಮೊತ್ತವನ್ನು ಹೇಳಬಹುದು: ಮೊತ್ತದ ವರ್ಗವಾದ 9ರಿಂದ ಗುಣಲಬ್ಧದ ಇಮ್ಮಡಿಯನ್ನು ಕಳೆದರೆ 7. ಮುಂದಿನ ಘಾತಗಳಿಗೆ, ಹಿಂದಿನ ಮೊತ್ತದ ಮೂರರಷ್ಟರಿಂದ ಅದಕ್ಕೂ ಹಿಂದಿನದನ್ನು ಕಳೆಯುತ್ತ ಹೋದರೆ ಸಾಕು: 18, 47, 123.

ವರ್ಗಮೂಲವೆಲ್ಲಿ ಕರಗಿತು? ಮೂಲಗಳೆರಡನ್ನು ಅದಲುಬದಲು ಮಾಡಿದರೂ ಈ ಮೊತ್ತಗಳು ಬದಲಾಗವು ಎಂಬುದರಲ್ಲಿಯೇ ಉತ್ತರವಿದೆ. ಚರಗಳನ್ನು ಹೇಗೆ ಅದಲುಬದಲು ಮಾಡಿದರೂ ವಿಕಾರಹೊಂದದ ಬಹುಪದೋಕ್ತಿಗೆ ಸಮಮಿತವೆಂದು ಹೆಸರು. ಅಂಥದು ಯಾವುದೇ ಇರಲಿ, ಚರಗಳ ಮೊತ್ತ, ಎರಡೆರಡರ ಗುಣಲಬ್ಧಗಳ ಮೊತ್ತ, ಮೂರುಮೂರರದು, ಹೀಗೆ ಹುಟ್ಟುವ ಪ್ರಾಥಮಿಕ ಸಮಮಿತ ಬಹುಪದೋಕ್ತಿಗಳಿಂದಲೇ, ಅದೂ ಒಂದೇ ಒಂದು ವಿಧದಲ್ಲಿ, ಅದನ್ನು ಕಟ್ಟಬಹುದೆಂಬುದು ಈ ಶಾಸ್ತ್ರದ ಮೂಲಭೂತ ಪ್ರಮೇಯ. ಮೇಲೆ ಬಳಸಿದಂಥ ಘಾತಮೊತ್ತಗಳ ಸೂತ್ರಕ್ಕೆ ನ್ಯೂಟನ್ನನ ಹೆಸರು ಅಂಟಿಕೊಂಡಿರುವುದು, ನನ್ನ ಎಣಿಕೆಯಲ್ಲಿ, ಅಷ್ಟೇನೂ ನ್ಯಾಯವಲ್ಲ. ಮೊದಲ ನಾಲ್ಕು ಘಾತಗಳ ಸೂತ್ರಗಳನ್ನು ಗಣಿತಜ್ಞ ಆಲ್ಬೇರ್ ಜಿರಾರನು 1629ರಲ್ಲಿ, ನ್ಯೂಟನ್ನನು ಹುಟ್ಟುವುದಕ್ಕೂ ಮುಂಚೆಯೇ, ಅಚ್ಚು ಹಾಕಿಸಿದ್ದನು.