ವರದಿ ವ್ಯವಸ್ಥೆಗೆ ಸರ್ವರಿನ ಪ್ರಮಾಣ ನಿರ್ಣಯ

ವ್ಯವಹಾರ ಸಂಸ್ಥೆಯೊಂದರ ದೈನಂದಿನ ಕೊಡುಕೊಳೆಗಳನ್ನು ಒಟ್ಟುಗೂಡಿಸಿ, ಆಡಳಿತಕ್ಕೆ ಬೇಕಾದ ರೂಪದಲ್ಲಿ ಒದಗಿಸುವ ಏರ್ಪಾಡಿಗೆ ವರದಿ ವ್ಯವಸ್ಥೆಯೆಂದು ಹೆಸರು. ಅನೇಕರ ಬೇಡಿಕೆಗಳನ್ನು ಒಂದೆಡೆಯಿಂದ ಪೂರೈಸುವ ಗಣಕಯಂತ್ರವೇ ಇದಕ್ಕೆ ಆಧಾರವಾದ ಸರ್ವರ್. ಅದು ಎಷ್ಟು ಶಕ್ತಿಯುಳ್ಳದ್ದಾಗಿರಬೇಕು? ಖಾತೆಗಳ ಸಂಖ್ಯೆಯನ್ನೊ ಸಂಗ್ರಹವಾದ ದತ್ತಾಂಶದ ರಾಶಿಯನ್ನೊ ನೋಡಿ ಇದನ್ನು ನಿರ್ಧರಿಸುವುದು ರೂಢಿ. ಆದರೆ ಪ್ರಮಾಣವನ್ನು ನಿಜವಾಗಿ ನಿಶ್ಚಯಿಸತಕ್ಕದ್ದು, ಅತ್ಯಂತ ನಿಬಿಡವಾದ ಹೊತ್ತಿನಲ್ಲಿ ಎಷ್ಟು ಬೇಡಿಕೆಗಳು ಬರುತ್ತವೆ, ಒಂದೊಂದಕ್ಕೂ ಎಷ್ಟು ಕೆಲಸ ತಗಲುತ್ತದೆ, ಉತ್ತರವು ಎಷ್ಟರೊಳಗೆ ದೊರೆಯಬೇಕು ಎಂಬ ಮೂರು ಅಂಶಗಳು. ಇದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಉಡುಪಿಯ ಪರಿಸರದಲ್ಲಿಯೇ ಉತ್ತಮ ನಿದರ್ಶನವಿದೆ. ೧೯೨೫ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಠೇವಣಿದಾರರ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪದ್ಧತಿಯಿದು. ಆ ಬ್ಯಾಂಕು ೧೯೬೯ರಲ್ಲಿ ರಾಷ್ಟ್ರೀಕೃತವಾಗಿ, ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯ ಪದ್ಧತಿ ಮಾತ್ರ ಕರಾವಳಿಯ ಸಹಕಾರಿ ಸಂಘಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೊತ್ತವು ಕಿರಿದು, ನಮೂದುಗಳು ಅಸಂಖ್ಯ. ಇದೇ ಇದರ ವೈಶಿಷ್ಟ್ಯ. ಸಂಗ್ರಾಹಕನು ಪಡೆದ ಹಣಕ್ಕೂ ಶಾಖೆಗೆ ಕಟ್ಟಿದ ಹಣಕ್ಕೂ ತಾಳೆಯಿದೆಯೆ ಎಂಬುದು ಅಂದೇ ಸಂಜೆ ತಿಳಿಯಬೇಕು. ವರದಿ ತಡವಾದಲ್ಲಿ ವ್ಯತ್ಯಾಸವು ಮರೆಯಲ್ಲಿ ಬೆಳೆಯುತ್ತದೆ. ನಷ್ಟವು ಕೂಲಿಕಾರರ, ಸಣ್ಣ ವ್ಯಾಪಾರಿಗಳ ಉಳಿತಾಯಕ್ಕೆ ತಟ್ಟುತ್ತದೆ. ಅನಾವಶ್ಯಕವಾಗಿ ದೊಡ್ಡ ಯಂತ್ರವನ್ನು ಕೊಂಡರೂ ವ್ಯಯವಾಗುವುದು ಅವರ ಹಣವೇ.

ಅಂಬಲಪಾಡಿಯಂಥ ಊರಿನಲ್ಲಿ ಮುಖ್ಯ ಕಚೇರಿಯನ್ನುಳ್ಳ, ೨೪ ಶಾಖೆಗಳ ಸಹಕಾರಿ ಸಂಘವೊಂದನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಠೇವಣಿದಾರರು ೨೦,೦೦೦, ವರ್ಷದಲ್ಲಿ ಸಂಗ್ರಹದ ದಿನಗಳು ೩೦೦. ವರ್ಷಕ್ಕೆ ೬೦ ಲಕ್ಷದಂತೆ ಐದು ವರ್ಷಗಳಲ್ಲಿ ಮೂರು ಕೋಟಿ ನಮೂದುಗಳಾಗುತ್ತವೆ. ನಮೂದೊಂದಕ್ಕೆ ೧೦೦ ಬೈಟುಗಳಂತೆ ಒಟ್ಟು ಕೇವಲ ೩ ಗಿಗಾಬೈಟ್. ಸೂಚಿಗಳಿಗೂ ತಾತ್ಕಾಲಿಕ ಲೆಕ್ಕಗಳಿಗೂ ಸೇರಿಸಿ ಅದನ್ನು ಮೂರು ಪಟ್ಟು ಮಾಡಿದರೂ ೯ ಗಿಗಾಬೈಟನ್ನು ಮೀರದು. ೩೨ ಗಿಗಾಬೈಟ್ ಮೆಮೊರಿಯುಳ್ಳ ಸಾಧಾರಣ ಯಂತ್ರದಲ್ಲಿ ಇಷ್ಟೂ ದತ್ತಾಂಶವು ಅಡಗುತ್ತದೆ. ಮೂರು ಕೋಟಿಯೆಂಬ ಸಂಖ್ಯೆಗೆ ಬೆದರಬೇಕಾಗಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಕೆಲಸದ ಒತ್ತಡವನ್ನು ನೋಡೋಣ. ಸಂಜೆಯ ಕೊನೆಯ ಅರ್ಧ ಗಂಟೆಯಲ್ಲಿ ಪ್ರತಿ ಶಾಖೆಯೂ ಐದು ವರದಿಗಳನ್ನು ಕೇಳಿದರೆ ೧,೮೦೦ ಸೆಕೆಂಡುಗಳಲ್ಲಿ ೧೨೦ ಬೇಡಿಕೆಗಳು. ಒಂದೊಂದಕ್ಕೂ ಪ್ರಾಸೆಸರಿನ ಒಂದು ಕೋರ್ ೩೦ ಸೆಕೆಂಡು ದುಡಿಯಬೇಕಾದರೆ ಒಟ್ಟು ಕೆಲಸ ೩,೬೦೦ ಸೆಕೆಂಡುಗಳದು. ಅಂದರೆ ಎರಡು ಕೋರುಗಳು ಎಡೆಬಿಡದೆ ದುಡಿಯಬೇಕು. ಹಾಗಾದರೆ ಎರಡು ಕೋರುಗಳ ಯಂತ್ರ ಸಾಕೆ? ಸಾಲದು. ಬೇಡಿಕೆಗಳು ಗಡಿಯಾರದ ಮುಳ್ಳಿನಂತೆ ಸಮವಾಗಿ ಬರುವುದಿಲ್ಲ. ಒಮ್ಮೆ ಗುಂಪಾಗಿ ಬರುತ್ತವೆ, ಒಮ್ಮೆ ವಿರಳವಾಗುತ್ತವೆ. ವಿರಳವಾದಾಗ ವ್ಯರ್ಥವಾದ ಸಮಯವನ್ನು ಮುಂದಿನ ಗುಂಪಿಗಾಗಿ ಕೂಡಿಡಲಾಗದು.

ಈ ಬಗೆಯ ಕಾಯುವಿಕೆಯನ್ನು ಗಣಿತದ ವಿಷಯವನ್ನಾಗಿ ಮಾಡಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಕರೆಗಳನ್ನು ಕುರಿತ ಅವನ ಪ್ರಬಂಧವು ೧೯೦೯ರಲ್ಲಿ ಪ್ರಕಟವಾಯಿತು. ಯಾದೃಚ್ಛಿಕವಾಗಿ ಬರುವ ಬೇಡಿಕೆಗಳನ್ನು ಒಂದೇ ಕೋರ್ ನಿರ್ವಹಿಸುತ್ತದೆಂದೂ ಕೆಲಸದ ಅವಧಿಯೂ ಹಾಗೆಯೇ ಏರಿಳಿಯುತ್ತದೆಂದೂ ಭಾವಿಸೋಣ. ಸರಾಸರಿ ಮೂರು ಸೆಕೆಂಡಿನ ಕೆಲಸವು, ಕೋರಿನ ಸಾಮರ್ಥ್ಯದ ಶೇಕಡಾ ೫೦ರಷ್ಟು ಬಳಕೆಯಲ್ಲಿರುವಾಗ ಕಾಯುವಿಕೆಯೂ ಸೇರಿ ೬ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಶೇಕಡಾ ೮೦ರಲ್ಲಿ ೧೫, ಶೇಕಡಾ ೯೦ರಲ್ಲಿ ೩೦ ಸೆಕೆಂಡುಗಳಾಗುತ್ತವೆ. ಬಳಕೆ ಪೂರ್ಣವಾದಂತೆ ಸಾಲಿಗೆ ಮಿತಿಯೇ ಇಲ್ಲ. ಆದುದರಿಂದ ಮೇಲಿನ ಉದಾಹರಣೆಯಲ್ಲಿ ನಾಲ್ಕು ಕೋರುಗಳನ್ನಿಟ್ಟು, ಅರ್ಧದಷ್ಟು ಶಕ್ತಿಯನ್ನು ಬಿಡುವಾಗಿ ಉಳಿಸುವುದು ದುಂದಲ್ಲ, ವಿವೇಕ.

ಆದರೆ ಯಂತ್ರವನ್ನು ಹಿಗ್ಗಿಸುವುದಕ್ಕೆ ಮೊದಲು ಕೆಲಸವನ್ನು ಕುಗ್ಗಿಸಬಹುದೆ ಎಂದು ವಿಚಾರಿಸಬೇಕು. ಪ್ರತಿ ವರದಿಗೂ ಐದು ವರ್ಷಗಳ ನಮೂದುಗಳನ್ನೆಲ್ಲ ಓದುವುದರ ಬದಲು, ನಿನ್ನೆಯವರೆಗಿನ ಮೊತ್ತಗಳನ್ನು ರಾತ್ರಿಯೇ ಕೂಡಿಸಿಟ್ಟರೆ, ಸಂಜೆಗೆ ಅಂದಿನ ೨೦,೦೦೦ ನಮೂದುಗಳನ್ನಷ್ಟೆ ಸೇರಿಸಿದರಾಯಿತು. ಇದರಿಂದ ೩೦ ಸೆಕೆಂಡಿನ ಕೆಲಸವು ೩ ಸೆಕೆಂಡಿಗೆ ಇಳಿಯಿತೆನ್ನೋಣ. ಆಗ ಒಟ್ಟು ಕೆಲಸ ೩೬೦ ಸೆಕೆಂಡುಗಳು, ಅಂದರೆ ಒಂದು ಕೋರಿನ ಐದನೆಯ ಒಂದು ಭಾಗ. ಕೋರುಗಳನ್ನು ಹೆಚ್ಚಿಸುವುದರಿಂದ ಎಲ್ಲ ಸಂದರ್ಭಗಳಲ್ಲಿಯೂ ವೇಗ ದೊರೆಯುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ೧೯೬೭ರಲ್ಲಿ ಆಮ್ಡಾಲ್ ತೋರಿಸಿದಂತೆ, ಕೆಲಸದ ಐದನೆಯ ಒಂದು ಭಾಗವು ಒಂದರ ಹಿಂದೊಂದಾಗಿಯೇ ನಡೆಯತಕ್ಕದ್ದಾದರೆ, ಎಷ್ಟೇ ಕೋರುಗಳನ್ನು ಸೇರಿಸಿದರೂ ವೇಗವು ಐದು ಪಟ್ಟನ್ನು ಮೀರದು.

ವರ್ಷಾಂತ್ಯದಂಥ ಅಪರೂಪದ ಒತ್ತಡದ ಪ್ರಶ್ನೆ ಬೇರೆ. ಎರಡು ವರ್ಷಗಳಿಗೊಮ್ಮೆ ನಡೆಯುವ ಪರ್ಯಾಯದ ಜನಸಂದಣಿಯನ್ನು ಲೆಕ್ಕಿಸಿ ಯಾರೂ ತಮ್ಮ ಮನೆಯ ಅಡುಗೆಶಾಲೆಯನ್ನು ಕಟ್ಟಿಸುವುದಿಲ್ಲ. ಸಮಾರಂಭಕ್ಕೆ ಪಾತ್ರೆಗಳನ್ನು ಬಾಡಿಗೆಗೆ ತರುತ್ತಾರೆ. ಅಂತೆಯೇ ನಿತ್ಯದ ನಿಬಿಡ ಹೊತ್ತಿಗೆ ಸ್ವಂತ ಯಂತ್ರವನ್ನೂ, ಅಪರೂಪದ ದಿನಗಳಿಗೆ ಬಾಡಿಗೆಯ ಗಣಕಶಕ್ತಿಯನ್ನೂ ಉಪಯೋಗಿಸಬಹುದು. ಬೆಳವಣಿಗೆಯು ಸದಾ ಮೆಲ್ಲಮೆಲ್ಲನೆ ಬರುವುದೆಂದೂ ನಂಬಲಾಗದು. ಎರಡು ಸಂಸ್ಥೆಗಳು ವಿಲೀನವಾದಾಗ ಖಾತೆಗಳೂ ಬೇಡಿಕೆಗಳೂ ಒಮ್ಮೆಲೆ ಏರುತ್ತವೆ. ಮೆಮೊರಿಯನ್ನೂ ಡಿಸ್ಕನ್ನೂ ಮುಂದೆ ಹೆಚ್ಚಿಸಲು ಅವಕಾಶವುಳ್ಳ ಯಂತ್ರವನ್ನೇ ಆರಿಸುವುದು ಲೇಸು. ಒಂದು ಯಂತ್ರ ಕೆಟ್ಟರೂ ಸಂಜೆಯ ತಾಳೆ ನಿಲ್ಲಬಾರದಾದ್ದರಿಂದ, ಅತಿ ಬಲಿಷ್ಠವಾದ ಒಂದಕ್ಕಿಂತ ಸಾಧಾರಣವಾದ ಎರಡು ಮೇಲು.

ಮೇಲಿನ ಅಂಕಿಗಳು ಕೇವಲ ಉದಾಹರಣೆಗಾಗಿ ಕೊಟ್ಟವು. ನಿಜವಾದ ನಿರ್ಣಯಕ್ಕೆ ಅಳತೆಯೇ ಪ್ರಮಾಣ. ಸಂಸ್ಥೆಯ ನೈಜ ದತ್ತಾಂಶದ ಮೇಲೆ ನೈಜ ವರದಿಯನ್ನು ಸಣ್ಣ ಯಂತ್ರವೊಂದರಲ್ಲಿ ಓಡಿಸಿ, ತಗಲಿದ ಕಾಲವನ್ನು ಅಳೆದು, ನಿಬಿಡ ಹೊತ್ತಿನ ಬೇಡಿಕೆಗಳ ಸಂಖ್ಯೆಯಿಂದ ಗುಣಿಸಬೇಕು. ಬಂದ ಫಲವನ್ನು ಇಮ್ಮಡಿಸಿದರೆ ಬಿಡುವಿಗೂ ಸ್ಥಳ ದೊರೆಯುತ್ತದೆ. ವಾಣಿಜ್ಯ ಮತ್ತು ಗಣಕಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಊರಿನ ಸಹಕಾರಿ ಸಂಘವೊಂದರಲ್ಲಿ, ಅದರ ಒಪ್ಪಿಗೆ ಪಡೆದು, ಈ ಅಳತೆಯನ್ನು ಕೈಗೊಂಡರೆ ಶಾಸ್ತ್ರಕ್ಕೂ ಊರಿಗೂ ಉಪಕಾರವಾದೀತು.