ತೇಪೆ ಹಾಕಿದ ತಾರಸಿ ಎಷ್ಟು ಭಾರ ಹೊರುತ್ತದೆ?

ರಜೆಗೆ ಊರಿಗೆ ಹೋದಾಗ ಅಜ್ಜಿಮನೆಯ ಕೋಣೆಯಲ್ಲಿ ಮಲಗಿ ಮೇಲೆ ನೋಡಿದ್ದೀರಾ? ಕರಾವಳಿಯ ಹಳೆಯ ಆರ್‌ಸಿಸಿ ಮನೆಯಾದರೆ ಅಲ್ಲಲ್ಲಿ ಕಾಂಕ್ರೀಟು ಉದುರಿ, ತುಕ್ಕು ಹಿಡಿದ ಕಂಬಿ ಕಂಡಿರಬಹುದು. ಮುಂದಿನ ಸಲ ಹೋದರೆ ಅಲ್ಲಿ ಹೊಸ ಸಿಮೆಂಟು, ಅದರ ಮೇಲೆ ಬಣ್ಣ. "ರಿಪೇರಿ ಆಯ್ತಲ್ಲ, ಇನ್ನು ತಾರಸಿ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಡೋಣ" ಅನ್ನುತ್ತಾರೆ ಮಾವ. ಇಡಬಹುದೇ?

ಜನ ಓಡಾಡುವ ತಾರಸಿಗೆ ಭಾರತದಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆ ಎಂದು ಲೆಕ್ಕ ಹಾಕುತ್ತಾರೆ. ತುಂಬಿದ ಟ್ಯಾಂಕ್ ಒಂದೇ ಕಡೆ ಒಂದು ಟನ್ ಕೂರುತ್ತದೆ.

ಸ್ಲ್ಯಾಬು ಬಾಗಿದಾಗ ಅದರ ತಳ ಹಿಗ್ಗುತ್ತದೆ. ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಕಡಿಮೆ. ಎಳೆತ ಹೊರುವುದು ತಳದ ಕಂಬಿ. 10 ಮಿ.ಮೀ. ಕಂಬಿ ತುಕ್ಕು ತಿಂದು 8 ಮಿ.ಮೀ. ಆಯಿತು ಅನ್ನಿ. ಎರಡೇ ಮಿಲಿಮೀಟರ್ ತಾನೇ? ಆದರೆ ಶಕ್ತಿ ಹೋಗುವುದು ಅಡ್ಡಕೊಯ್ತದ ವಿಸ್ತೀರ್ಣದ ಲೆಕ್ಕದಲ್ಲಿ. ಅಂದರೆ ಶೇ. 36ರಷ್ಟು ಕಬ್ಬಿಣ ಹೋಯಿತು! ಎಷ್ಟು ಸಿಮೆಂಟು ಬಳಿದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಎಂಜಿನಿಯರ್ ಮೊದಲು ಕಂಬಿ ಉಜ್ಜಿಸಿ, ಉಳಿದ ದಪ್ಪ ಅಳೆಯಬೇಕು.

ಎರಡನೆಯದು, ತೇಪೆ ಹಿಡಿದುಕೊಂಡಿದೆಯೇ? ಹಲಸಿನ ಹಣ್ಣು ಬಡಿದು ನೋಡುತ್ತಾರಲ್ಲ, ಹಾಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಹಳೆಯದೂ ಹೊಸದೂ ಬೇರೆಬೇರೆಯಾಗಿವೆ ಎಂಬ ಅನುಮಾನ. ಇನ್ನೂ ಖಚಿತ ಬೇಕಾದರೆ ತೇಪೆಗೆ ಲೋಹದ ಬಿಲ್ಲೆ ಅಂಟಿಸಿ ಯಂತ್ರದಿಂದ ಎಳೆಯುತ್ತಾರೆ. ಎಷ್ಟು ಬಲಕ್ಕೆ ಕಿತ್ತಿತು ಎನ್ನುವಷ್ಟೇ ಮುಖ್ಯ, ಎಲ್ಲಿ ಕಿತ್ತಿತು ಎನ್ನುವುದು: ಬೆಸುಗೆಯಲ್ಲೋ, ಹಳೆಯ ಕಾಂಕ್ರೀಟಿನ ಒಳಗೋ?

ಬಹಳ ಜನ ಮರೆಯುವ ಮಾತೊಂದಿದೆ. ರಿಪೇರಿ ಮಾಡುವಾಗ ಕೆಳಗೆ ಆಸರೆ ಕೊಟ್ಟು ಭಾರ ಇಳಿಸದಿದ್ದರೆ, ಹಳೆಯ ಹೊರೆ ಹಳೆಯ ಕಂಬಿಯ ಮೇಲೇ ಉಳಿಯುತ್ತದೆ. ಹೊಸದಾಗಿ ಸೇರಿಸಿದ ಕಂಬಿ ಆಮೇಲೆ ಬಂದ ಭಾರಕ್ಕೆ ಮಾತ್ರ ಹೆಗಲು ಕೊಡುತ್ತದೆ. ಹಳೆಯದರ ಶಕ್ತಿಗೆ ಹೊಸದರದ್ದು ಕೂಡಿಸಿ ಉತ್ತರ ಬರೆಯುವಂತಿಲ್ಲ.

ಲೆಕ್ಕದ ಮೇಲೆ ಅನುಮಾನ ಉಳಿದರೆ ಭಾರ ಹೊರಿಸಿಯೇ ನೋಡುವುದು. ಭಾರತದ ಐಎಸ್ 456 ಸಂಹಿತೆಯ ಪ್ರಕಾರ, ಸ್ಲ್ಯಾಬಿನ ಸ್ವಂತ ತೂಕದ ಜೊತೆಗೆ ಬಳಕೆಯ ಹೊರೆಯ 1.25 ಪಟ್ಟು 24 ಗಂಟೆ ಇಡಬೇಕು. ಮರಳಿನ ಚೀಲ ಸಾಕು. ತೆಗೆದ ಮೇಲೆ 24 ಗಂಟೆಯೊಳಗೆ ಬಾಗಿದ್ದರಲ್ಲಿ ಶೇ. 75 ಆದರೂ ವಾಪಸ್ ಏಳಬೇಕು; 8 ಮಿ.ಮೀ. ಬಾಗಿದ್ದರೆ ಕನಿಷ್ಠ 6. ಇದನ್ನು ನೀವೇ ಮಾಡಲು ಹೋಗಬೇಡಿ. ಎಂಜಿನಿಯರ್ ಇರಬೇಕು, ಕೆಳಗೆ ಆಸರೆ ಇರಬೇಕು, ಜನ ಇರಬಾರದು.

ಮಾವನನ್ನು ಇಷ್ಟು ಕೇಳಿ: ಕಂಬಿ ಅಳೆದವರು ಯಾರು? "ಮೇಸ್ತ್ರಿ ಗಟ್ಟಿ ಇದೆ ಅಂದ" ಎಂಬುದೇ ಉತ್ತರವಾದರೆ, ಟ್ಯಾಂಕ್ ಸದ್ಯಕ್ಕೆ ಅಂಗಳದಲ್ಲೇ ಇರಲಿ.