ಗಣಕ ಕಡತಗಳಿಗೆ ವಿಶ್ವಾಸಾರ್ಹ ಕಾಲಮುದ್ರೆ ಪಡೆಯುವ ವಿಧಾನ: ಸಾರ್ವಜನಿಕರ ಮಾಹಿತಿಗಾಗಿ

ಸಾರ್ವಜನಿಕರು ಸರ್ಕಾರಿ ಕಛೇರಿಗೆ ಕಾಗದದ ಅರ್ಜಿಯನ್ನು ಸಲ್ಲಿಸಿದಾಗ ಟಪಾಲು ಶಾಖೆಯಲ್ಲಿ ಅದರ ಮೇಲೆ ದಿನಾಂಕದ ಮೊಹರು ಹಾಕಿ, ಆವಕ ವಹಿಯಲ್ಲಿ ಕ್ರಮಸಂಖ್ಯೆಯನ್ನು ನಮೂದಿಸಿ, ಅರ್ಜಿದಾರರ ಪ್ರತಿಯ ಮೇಲೂ ಅದೇ ಮೊಹರನ್ನು ಹಾಕಿಕೊಡುವುದು ವಾಡಿಕೆಯಾಗಿರುತ್ತದೆ. ಈ ಮೊಹರಿಗೆ ಬೆಲೆ ಬರುವುದು ಅದನ್ನು ಹಾಕಿದವರು ಅರ್ಜಿದಾರರಲ್ಲದ ಬೇರೊಬ್ಬರು ಎಂಬ ಒಂದೇ ಕಾರಣದಿಂದ. ಅರ್ಜಿದಾರರು ತಾವೇ ಬರೆದುಕೊಂಡ ದಿನಾಂಕವನ್ನು ಯಾರೂ ಪುರಾವೆಯೆಂದು ಪರಿಗಣಿಸುವುದಿಲ್ಲ. ಗಣಕಯಂತ್ರದಲ್ಲಿರುವ ಛಾಯಾಚಿತ್ರ, ಒಪ್ಪಂದದ ಕರಡು, ಲೆಕ್ಕಪತ್ರ ಮುಂತಾದ ಕಡತಗಳಿಗೆ ಇಂತಹುದೇ ಮೊಹರನ್ನು ಪಡೆಯುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

ಕಡತದ ಪಕ್ಕದಲ್ಲಿ ಗಣಕಯಂತ್ರವು ತೋರಿಸುವ ದಿನಾಂಕವನ್ನೇ ಅನೇಕರು ನಂಬಿರುತ್ತಾರೆ. ಆದರೆ ಅದು ಆ ಯಂತ್ರದ ಗಡಿಯಾರ ಹೇಳಿದ ಮಾತು ಮಾತ್ರ. ಗಡಿಯಾರವನ್ನು ಯಾರು ಬೇಕಾದರೂ ತಿದ್ದಬಹುದು. ಈ ಲೇಖಕರು ಹಿಂದೆ ಕೆಲಸ ಮಾಡಿದ ಕಛೇರಿಯೊಂದರಲ್ಲಿ ಗಣಕಯಂತ್ರದೊಳಗಿನ ಚಿಕ್ಕ ಬ್ಯಾಟರಿ ಮುಗಿದುಹೋಗಿ, ಪ್ರತಿದಿನ ಬೆಳಿಗ್ಗೆ ಯಂತ್ರವು ಹಲವು ವರ್ಷ ಹಿಂದಿನ ಜನವರಿ 1ಕ್ಕೆ ಮರಳುತ್ತಿತ್ತು. ಆ ತಿಂಗಳ ಪತ್ರಗಳೆಲ್ಲವೂ ಅದೇ ದಿನಾಂಕದಲ್ಲಿ ಉಳಿದುಕೊಂಡವು. ಯಾರೂ ಮೋಸ ಮಾಡದೆಯೇ ಇಷ್ಟು ಆಗುವುದಾದರೆ, ಮೋಸ ಮಾಡುವವರಿಗೆ ಇದು ಕಷ್ಟದ ಕೆಲಸವಲ್ಲ.

ಕಾಪು ತಾಲ್ಲೂಕಿನ ಕರಾವಳಿಯಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ತೆಂಗಿನ ಮರಗಳು ಉರುಳಿದಾಗ ಮನೆಯವರು ಮೊದಲು ಮಾಡುವುದು ಮೊಬೈಲಿನಲ್ಲಿ ಚಿತ್ರ ತೆಗೆಯುವುದು. ಕೆಲವು ತಿಂಗಳುಗಳ ನಂತರ ವಿಮೆ, ಪರಿಹಾರ ಅಥವಾ ಗಡಿಯ ತಕರಾರು ಬಂದಾಗ “ಈ ಚಿತ್ರ ಈ ವರ್ಷದ್ದೇ, ಹೋದ ವರ್ಷದ್ದೇ?” ಎಂಬ ಪ್ರಶ್ನೆ ಏಳುತ್ತದೆ. ಚಿತ್ರ ತೆಗೆದ ದಿನವೇ ಕಾಲಮುದ್ರೆ ಪಡೆದಿದ್ದಲ್ಲಿ, ಆ ಚಿತ್ರವು ಆ ಹೊತ್ತಿಗಾಗಲೇ ಇದೇ ರೂಪದಲ್ಲಿ ಇತ್ತು ಎಂಬುದನ್ನು ಸಾಧಿಸಿ ತೋರಿಸಬಹುದು. ತಕರಾರು ಬಂದ ಮೇಲೆ ಪಡೆದ ಮುದ್ರೆಯು ತಕರಾರು ಬಂದ ನಂತರದ ದಿನಾಂಕವನ್ನೇ ತೋರಿಸುತ್ತದೆಯಾದ್ದರಿಂದ ಅದರಿಂದ ಪ್ರಯೋಜನವಿರುವುದಿಲ್ಲ.

ಕಾಲಮುದ್ರೆಯ ಕಾರ್ಯವಿಧಾನ

ಈ ವಿಧಾನವನ್ನು 2001ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3161 ಎಂಬ ಅಂತರಜಾಲ ಮಾನಕದಲ್ಲಿ ನಿರೂಪಿಸಲಾಗಿದೆ. ಮೊದಲಿಗೆ ಅರ್ಜಿದಾರರ ಯಂತ್ರದಲ್ಲಿಯೇ ಕಡತದಿಂದ ಒಂದು ಹ್ಯಾಷ್ ಮೌಲ್ಯವನ್ನು ಲೆಕ್ಕ ಹಾಕಲಾಗುತ್ತದೆ. ಎಸ್‌ಎಚ್‌ಎ 256 ಎಂಬ ಪದ್ಧತಿಯಲ್ಲಿ ಇದು 64 ಅಕ್ಷರ ಮತ್ತು ಅಂಕಿಗಳ ಸಾಲಾಗಿದ್ದು, ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿಯಾಗಿ ಬೇರೆಯಾಗುತ್ತದೆ. ಕಾಲಮುದ್ರೆ ಪ್ರಾಧಿಕಾರಕ್ಕೆ ಹೋಗುವುದು ಈ ಸಾಲು ಮಾತ್ರ. ಕಡತವು ಮನೆಯಲ್ಲಿಯೇ ಉಳಿಯುವುದರಿಂದ ಗೋಪ್ಯ ದಾಖಲೆಗಳಿಗೂ ಈ ವಿಧಾನವನ್ನು ನಿರಾತಂಕವಾಗಿ ಬಳಸಬಹುದು. ಪ್ರಾಧಿಕಾರವು ಆ ಸಾಲಿಗೆ ತನ್ನ ಗಡಿಯಾರದ ಸಮಯವನ್ನು ಸೇರಿಸಿ, ಎರಡಕ್ಕೂ ಡಿಜಿಟಲ್ ಸಹಿ ಮಾಡಿ ಹಿಂದಿರುಗಿಸುತ್ತದೆ.

ಇದರ ಮೂಲ ಕಲ್ಪನೆಯನ್ನು 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಅವರ ಸಂಸ್ಥೆಯು ಇಂತಹ ಮೌಲ್ಯಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಹೀರಾತಿನಲ್ಲಿ ಅಚ್ಚು ಮಾಡಿಸುತ್ತಿತ್ತು. ಅಚ್ಚಾಗಿ ಮನೆಮನೆಗೆ ಹೋದ ಪತ್ರಿಕೆಯನ್ನು ಹಿಂದಕ್ಕೆ ಪಡೆದು ತಿದ್ದಲು ಸಾಧ್ಯವಿಲ್ಲವಷ್ಟೆ. 1970ರಿಂದ ಮಣಿಪಾಲದಿಂದ ಹೊರಡುತ್ತಿರುವ ಉದಯವಾಣಿಯ ವರ್ಗೀಕೃತ ಜಾಹೀರಾತಿನಲ್ಲಿ ಆ 64 ಅಕ್ಷರಗಳನ್ನು ಹಾಕಿಸಿದರೂ ತತ್ವ ಅದೇ. ಓದುಗರು ಮಾತ್ರ ಗಾಬರಿಯಾದಾರು.

ಆದೇಶ ಸಾಲಿನ ಮೂಲಕ ಕೋರಿಕೆ ಸಲ್ಲಿಸುವುದು

ಇದಕ್ಕೆ ಓಪನ್‌ಎಸ್‌ಎಸ್‌ಎಲ್ ಮತ್ತು ಕರ್ಲ್ ಎಂಬ ಎರಡು ಉಚಿತ ತಂತ್ರಾಂಶಗಳು ಸಾಕಾಗುತ್ತವೆ. ಲಿನಕ್ಸ್ ಯಂತ್ರಗಳಲ್ಲಿ ಇವೆರಡೂ ಸಾಮಾನ್ಯವಾಗಿ ಇರುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಕರ್ಲ್ ಇದ್ದು, ಓಪನ್‌ಎಸ್‌ಎಸ್‌ಎಲ್ ಅನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗುತ್ತದೆ. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡತಕ್ಕದ್ದು. ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಡಲಾಗಿದೆ.

ಮೊದಲನೆಯ ಆದೇಶವು ಕೋರಿಕೆಯನ್ನು ಸಿದ್ಧಪಡಿಸುತ್ತದೆ:

ಓಪನ್‌ಎಸ್‌ಎಸ್‌ಎಲ್ ಟಿಎಸ್ -ಕ್ವೆರಿ -ಡೇಟಾ ಚಿತ್ರ.ಜೆಪಿಜಿ -ಎಸ್‌ಎಚ್‌ಎ256 -ಸರ್ಟ್ -ಔಟ್ ಚಿತ್ರ.ಟಿಎಸ್‌ಕ್ಯೂ

ಇದರಲ್ಲಿ -ಸರ್ಟ್ ಎಂಬ ಪದವನ್ನು ಬಿಡಬಾರದು. ಪ್ರಾಧಿಕಾರವು ತನ್ನ ಪ್ರಮಾಣಪತ್ರವನ್ನೂ ಉತ್ತರದೊಳಗೆ ಸೇರಿಸಿ ಕಳುಹಿಸಲಿ ಎಂದು ಅದರ ಅರ್ಥ. ಅದಿಲ್ಲದಿದ್ದರೆ ಮುಂದೆ ಪರಿಶೀಲನೆಯ ಸಮಯದಲ್ಲಿ ಹುಡುಕಾಡಬೇಕಾಗುತ್ತದೆ. ಎರಡನೆಯ ಆದೇಶದಿಂದ ಕೋರಿಕೆಯು ಪ್ರಾಧಿಕಾರಕ್ಕೆ ತಲುಪಿ, ಉತ್ತರ ಬರುತ್ತದೆ:

ಕರ್ಲ್ -ಎಚ್ "ಕಂಟೆಂಟ್-ಟೈಪ್: ಅಪ್ಲಿಕೇಶನ್/ಟೈಮ್‌ಸ್ಟ್ಯಾಂಪ್-ಕ್ವೆರಿ" --ಡೇಟಾ-ಬೈನರಿ @ಚಿತ್ರ.ಟಿಎಸ್‌ಕ್ಯೂ ಪ್ರಾಧಿಕಾರದ-ವಿಳಾಸ -ಓ ಚಿತ್ರ.ಟಿಎಸ್‌ಆರ್

ಇಲ್ಲಿ ಎಚ್ ದೊಡ್ಡಕ್ಷರವಾಗಿಯೂ ಓ ಸಣ್ಣಕ್ಷರವಾಗಿಯೂ ಇರತಕ್ಕದ್ದು. ಡೇಟಾ-ಬೈನರಿ ಎಂಬುದರ ಬದಲು ಚುಟುಕಾಗಿ -ಡಿ ಎಂದು ಬರೆದರೆ ಕರ್ಲ್ ಕೋರಿಕೆಯೊಳಗಿನ ಸಾಲುಮುರಿಯುವ ಸಂಕೇತಗಳನ್ನು ತೆಗೆದುಹಾಕುವುದರಿಂದ ಕೋರಿಕೆಯು ಕೆಡಬಹುದು. 

ಉತ್ತರವನ್ನು ಓದಲು: ಓಪನ್‌ಎಸ್‌ಎಸ್‌ಎಲ್ ಟಿಎಸ್ -ರಿಪ್ಲೈ -ಇನ್ ಚಿತ್ರ.ಟಿಎಸ್‌ಆರ್ -ಟೆಕ್ಸ್ಟ್. ಅದರಲ್ಲಿ “ಗ್ರಾಂಟೆಡ್” ಎಂಬ ಪದ ಕಂಡುಬಂದರೆ ಕೋರಿಕೆಯು ಅಂಗೀಕಾರವಾಗಿದೆಯೆಂದು ತಿಳಿಯತಕ್ಕದ್ದು.

ಇದರಲ್ಲಿ ಕಾಣುವ ಸಮಯವು ಗ್ರೀನ್‌ವಿಚ್ ಕಾಲಮಾನದ್ದಾಗಿದ್ದು, ಭಾರತೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುತ್ತದೆ. 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿಯಲ್ಲಿ ನೆರೆ ಬಂದದ್ದು ಅನೇಕರಿಗೆ ನೆನಪಿರಬಹುದು. ಅಂದು ನಸುಕಿನ 3 ಗಂಟೆಗೆ ಅಂಗಡಿಗೆ ನುಗ್ಗಿದ ನೀರಿನ ಚಿತ್ರಕ್ಕೆ ಆಗಲೇ ಮುದ್ರೆ ಪಡೆದಿದ್ದರೆ ಅದರಲ್ಲಿ ಸೆಪ್ಟೆಂಬರ್ 19, ರಾತ್ರಿ 9 ಗಂಟೆ 30 ನಿಮಿಷ ಎಂದು ನಮೂದಾಗಿರುತ್ತಿತ್ತು. ಇದನ್ನು ತಿಳಿಯದೆ ಹಾಜರುಪಡಿಸಿದಲ್ಲಿ ಎದುರುದಾರರು “ಹಿಂದಿನ ದಿನದ ಚಿತ್ರ” ಎಂದು ಆಕ್ಷೇಪಿಸಲು ಅವಕಾಶ ಕೊಟ್ಟಂತಾಗುತ್ತದೆ.

ಮುದ್ರೆ ಕೆಡುವ ಸಂದರ್ಭಗಳು

ಮೂಲ ಕಡತವನ್ನು ಯಥಾವತ್ತಾಗಿ ಇಟ್ಟುಕೊಳ್ಳುವುದು ಅತ್ಯವಶ್ಯ. ವಾಟ್ಸಾಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ. ಕಣ್ಣಿಗೆ ಎರಡೂ ಒಂದೇ ಎಂದು ಕಂಡರೂ ಹ್ಯಾಷ್ ತಾಳೆಯಾಗುವುದಿಲ್ಲ. ದಾಖಲೆಯಾಗಿ ಕಳುಹಿಸಿದರೆ ಈ ತೊಂದರೆ ಇರುವುದಿಲ್ಲ. ನಮ್ಮ ಸಹಕಾರ ಸಂಘಗಳಲ್ಲಿಯೂ ಪಂಚಾಯಿತಿಗಳಲ್ಲಿಯೂ ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ನಡವಳಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ, ಪದಗಳೆಲ್ಲ ಅವೇ ಆಗಿದ್ದರೂ, ಹಳೆಯ ಮುದ್ರೆಯು ಹೊಸ ಕಡತಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಹಳೆಯದನ್ನು ಅಳಿಸದೆ, ಹೊಸದಕ್ಕೆ ಬೇರೆ ಮುದ್ರೆ ಪಡೆಯುವುದು ಸೂಕ್ತ.

ಮುದ್ರೆಯಿಂದ ಸಾಧಿತವಾಗದ ವಿಷಯಗಳು

ಕಾರ್ಕಳದ ಗೊಮ್ಮಟ ಮೂರ್ತಿಯ ಶಾಸನದಲ್ಲಿ ಪ್ರತಿಷ್ಠೆಯ ಕಾಲದ ಜೊತೆಗೆ ಮಾಡಿಸಿದವರ ಹೆಸರೂ ಇದ್ದು, 1432ರಲ್ಲಿ ವೀರಪಾಂಡ್ಯನು ಅದನ್ನು ಸ್ಥಾಪಿಸಿದನೆಂದು ಅದರಿಂದ ತಿಳಿಯುತ್ತದೆ. ಕಾಲಮುದ್ರೆಯು ಅಷ್ಟನ್ನು ಹೇಳುವುದಿಲ್ಲ. ಅದು ಕಾಲವನ್ನು ಹೇಳುತ್ತದೆ, ಕರ್ತೃವನ್ನು ಹೇಳುವುದಿಲ್ಲ. ಬೇರೆಯವರ ಯಕ್ಷಗಾನ ಪ್ರಸಂಗವನ್ನು ನಕಲು ಮಾಡಿದವರೂ ಅದಕ್ಕೆ ಮುದ್ರೆ ಪಡೆಯಬಹುದು. ಡಾ. ಶಿವರಾಮ ಕಾರಂತರ ಯಕ್ಷಗಾನ ನೃತ್ಯರೂಪಕಗಳ ಹಕ್ಕಿನ ಕುರಿತು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮತ್ತು ಬಿ. ಮಾಲಿನಿ ಮಲ್ಯ ಅವರ ನಡುವಿನ ವ್ಯಾಜ್ಯವು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಆರಂಭವಾಗಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಲ್ಲಿ ಎದ್ದ ಪ್ರಶ್ನೆಗಳು ಮರಣಶಾಸನದಿಂದ ಹಕ್ಕು ಯಾರಿಗೆ ಬಂತು, ಸಂಸ್ಥೆಯ ಹೊಣೆಯಲ್ಲಿದ್ದು ರಚಿಸಿದ ಕೃತಿ ಯಾರದು ಎಂಬಂತಹವು. ಅಂತಹ ಪ್ರಶ್ನೆಗಳಿಗೆ ಯಾವ ಕಾಲಮುದ್ರೆಯೂ ಉತ್ತರ ಕೊಡಲಾರದು. ಕೃತಿಯ ಕರಡುಗಳಿಗೆ ಹಂತಹಂತವಾಗಿ ಮುದ್ರೆ ಪಡೆದಿದ್ದಲ್ಲಿ ರಚನೆಯ ಕ್ರಮವನ್ನು ತೋರಿಸಲು ನೆರವಾಗಬಹುದು, ಅಷ್ಟೇ.

ಹಾಗೆಯೇ ಇದು ಛಾಪಾ ಕಾಗದಕ್ಕಾಗಲಿ ಉಪನೋಂದಣಾಧಿಕಾರಿಗಳ ಕಛೇರಿಯ ನೋಂದಣಿಗಾಗಲಿ ಬದಲಿಯಲ್ಲ. ಹೆಸರಿನಲ್ಲಿ “ಮುದ್ರೆ” ಇರುವುದರಿಂದ ಈ ಗೊಂದಲ ಉಂಟಾಗುವ ಸಂಭವವಿದೆ.

ಪ್ರಾಧಿಕಾರದ ಆಯ್ಕೆ ಮತ್ತು ಸಂರಕ್ಷಣೆ

ಅಭ್ಯಾಸಕ್ಕಾಗಿ ಫ್ರೀಟಿಎಸ್‌ಎಯಂತಹ ಉಚಿತ ವಿದೇಶೀ ಸೇವೆಯನ್ನು ಬಳಸಬಹುದು. ಹಣಕಾಸು ಅಥವಾ ವ್ಯಾಜ್ಯದ ಸಂಭವವಿರುವ ದಾಖಲೆಗಳಿಗೆ, ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೇರೆಗೆ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಗಳಲ್ಲಿ ಕಾಲಮುದ್ರೆ ಸೇವೆಯನ್ನು ವಿಚಾರಿಸುವುದು ಉತ್ತಮವೆಂಬುದು ನಮ್ಮ ಅಭಿಪ್ರಾಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದ ಪ್ರಮಾಣಪತ್ರದ ನಮೂನೆಯಲ್ಲಿ ವಿದ್ಯುನ್ಮಾನ ದಾಖಲೆಯ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕಾಗಿರುತ್ತದೆ. ಕಾಲಮುದ್ರೆ ಇದ್ದರೂ ಆ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಸಲ್ಲಿಸುವುದು ಅವಶ್ಯವಿರುತ್ತದೆ.

ಮೂಲ ಕಡತ, ಟಿಎಸ್‌ಆರ್ ಉತ್ತರ ಮತ್ತು ಪ್ರಾಧಿಕಾರದ ಪ್ರಮಾಣಪತ್ರಗಳನ್ನು ಒಂದೇ ಕಡೆ ಇಟ್ಟು, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇರಿಸತಕ್ಕದ್ದು. ಪ್ರಾಧಿಕಾರದ ಪ್ರಮಾಣಪತ್ರಕ್ಕೂ ಅವಧಿಯಿದ್ದು, ಅದು ಮುಗಿಯುವುದಕ್ಕೆ ಮುಂಚಿತವಾಗಿ ಕಡತ ಹಾಗೂ ಹಳೆಯ ಉತ್ತರ ಎರಡನ್ನೂ ಒಟ್ಟಿಗೆ ಕಟ್ಟಿ ಹೊಸ ಮುದ್ರೆ ಪಡೆಯುವುದು ಒಳ್ಳೆಯದು. ಎಸ್‌ಎಚ್‌ಎ 1 ಎಂಬ ಹಳೆಯ ಪದ್ಧತಿಯಲ್ಲಿ ಒಂದೇ ಹ್ಯಾಷ್ ಇರುವ ಎರಡು ಬೇರೆ ಬೇರೆ ಕಡತಗಳನ್ನು ಸೃಷ್ಟಿಸಬಹುದೆಂದು 2017ರಲ್ಲಿ ತೋರಿಸಿಕೊಡಲಾಗಿರುವುದರಿಂದ ಅದನ್ನು ಬಳಸಬಾರದು.

ಮುದ್ರೆ ಪಡೆದ ದಿನವೇ ಒಮ್ಮೆ ಪರಿಶೀಲಿಸಿ ನೋಡುವುದು: ಓಪನ್‌ಎಸ್‌ಎಸ್‌ಎಲ್ ಟಿಎಸ್ -ವೆರಿಫೈ -ಡೇಟಾ ಚಿತ್ರ.ಜೆಪಿಜಿ -ಇನ್ ಚಿತ್ರ.ಟಿಎಸ್‌ಆರ್ -ಸಿಎಫೈಲ್ ಮೂಲಪ್ರಮಾಣ.ಪೆಮ್. ಇದರಲ್ಲಿ ಸಿ ಮತ್ತು ಎ ದೊಡ್ಡಕ್ಷರಗಳು. ಮೂಲಪ್ರಮಾಣವೆಂದರೆ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡ ಮೂಲ ಪ್ರಮಾಣಪತ್ರ. “ವೆರಿಫಿಕೇಶನ್: ಓಕೆ” ಎಂದು ಬಾರದಿದ್ದಲ್ಲಿ ಅಂದೇ ಮತ್ತೊಮ್ಮೆ ಕೋರಿಕೆಯನ್ನು ಸಲ್ಲಿಸತಕ್ಕದ್ದು.